ಹಳೆಯ ಡ್ರಮ್ಮಿನ ಮೇಲೆ ಬಳಿದ ಬಣ್ಣ: ತೆಗೆಯುವ ಕ್ರಮ, ತಪ್ಪಿಸಬೇಕಾದ ಅನಾಹುತ

ಅಮೆರಿಕದ ಲಡ್ವಿಗ್, ಸ್ಲಿಂಗರ್‌ಲ್ಯಾಂಡ್, ಗ್ರೆಚ್, ರೋಜರ್ಸ್ ಹಾಗೂ ಇಂಗ್ಲೆಂಡಿನ ಪ್ರೀಮಿಯರ್ ಕಂಪನಿಗಳು ಕಳೆದ ಶತಮಾನದ ನಡುಭಾಗದಲ್ಲಿ ತಯಾರಿಸಿದ ಡ್ರಮ್ಮುಗಳಲ್ಲಿ ಹಲವು ಇಂದು ಕೈಯಿಂದ ಕೈಗೆ ದಾಟುವಾಗ ಯಾವುದೋ ಕಾಲದಲ್ಲಿ ಯಾರೋ ಮನೆಯಲ್ಲೇ ಬಳಿದ ಕಪ್ಪು ಅಥವಾ ಬಿಳಿ ಬಣ್ಣವನ್ನು ಹೊತ್ತೇ ಬರುತ್ತವೆ. ಆ ಬಣ್ಣದ ಅಡಿಯಲ್ಲಿ ಕಾರ್ಖಾನೆಯ ಮೂಲ ಮೇಲ್ಮೈ ಬಹುಮಟ್ಟಿಗೆ ಕೆಡದೆ ಉಳಿದಿರುತ್ತದೆ; ಅದನ್ನು ಕೆಡಿಸುವವನು ಬಣ್ಣ ಬಳಿದವನಲ್ಲ, ಅದನ್ನು ತೆಗೆಯುವ ಆತುರದಲ್ಲಿ ತಿನ್ನರ್ ಡಬ್ಬಿ ತೆರೆಯುವ ಹೊಸ ಒಡೆಯ.

ಮೂಲ ಮೇಲ್ಮೈಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮರದ ಶೆಲ್‌ಗೆ, ಅಂದರೆ ಡ್ರಮ್ಮಿನ ದುಂಡನೆಯ ಒಡಲಿಗೆ, ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಅಂಟಿಸಿದ ಹೊದಿಕೆ ಮೊದಲನೆಯದು. ಮರದ ಮೇಲೆ ನೇರವಾಗಿ ಹೊಡೆದ ಲ್ಯಾಕರ್ ಎರಡನೆಯದು. ಲೋಹದ ಶೆಲ್ ಮೇಲಿನ ಕ್ರೋಮಿಯಂ ಅಥವಾ ನಿಕಲ್ ಲೇಪ ಮೂರನೆಯದು. 1964ರ ಫೆಬ್ರವರಿಯಲ್ಲಿ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಡ್ರಮ್ ವಾದಕ ರಿಂಗೊ ಸ್ಟಾರ್ ನುಡಿಸಿದ ಕಪ್ಪು ಮುತ್ತಿನ ಹೊಳಪಿನ ಲಡ್ವಿಗ್ ಸೆಟ್ ಮೊದಲನೆಯ ಬಗೆಗೆ ಸೇರಿದ್ದು. ಹಳೆಯ ಹೊದಿಕೆಗಳಲ್ಲಿ ಅನೇಕವು ಸೆಲ್ಯುಲಾಯ್ಡ್, ಅಂದರೆ ಸೆಲ್ಯುಲೋಸ್ ನೈಟ್ರೇಟಿಗೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್. ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುವುದು ಅದರ ಗುರುತು.

ಕೆಲಸ ಆರಂಭಿಸುವ ಮೊದಲು ಬಾರಿಸುವ ಪೊರೆಯಾದ ಹೆಡ್, ಅದನ್ನು ಹಿಡಿದಿಡುವ ಬಳೆಯಾದ ರಿಮ್ ಮತ್ತು ಬಿಗಿಯುವ ಸ್ಕ್ರೂಗಳು ಶೆಲ್ ಮೇಲೆ ಕೂರುವ ಲಗ್‌ಗಳನ್ನು ಬಿಚ್ಚಿ, ಪ್ರತಿ ಡ್ರಮ್ಮಿನ ಸ್ಕ್ರೂಗಳನ್ನು ಬೇರೆ ಬೇರೆ ಚೀಲದಲ್ಲಿ ಇಡಬೇಕು. ಗಾಳಿರಂಧ್ರದ ಸುತ್ತ ಲೋಹದ ಉಂಗುರದಿಂದ ಕೂರಿಸಿರುವ ಕಂಪನಿಯ ಬ್ಯಾಡ್ಜನ್ನು ಮಾತ್ರ ಕೀಳಬಾರದು, ಏಕೆಂದರೆ ಆ ಉಂಗುರ ಒಮ್ಮೆ ಮುರಿದರೆ ಮೊದಲಿನಂತೆ ಕೂರುವುದಿಲ್ಲ ಮತ್ತು ಬ್ಯಾಡ್ಜ್ ಅಲುಗಿದ ಡ್ರಮ್ಮನ್ನು ಸಂಗ್ರಾಹಕರು ಸಂಶಯದಿಂದಲೇ ನೋಡುತ್ತಾರೆ. ಶೆಲ್‌ನ ಒಳಭಾಗವನ್ನೂ ಮುಟ್ಟದಿರುವುದು ಲೇಸು. ಗ್ರೆಚ್ ಡ್ರಮ್ಮುಗಳ ಒಳಗಿನ ಬೆಳ್ಳಿ ಬಣ್ಣವೂ 1960ರ ಆಸುಪಾಸಿನ ಲಡ್ವಿಗ್ ಡ್ರಮ್ಮುಗಳ ಒಳಗಿನ ಬಿಳಿ ಬಣ್ಣವೂ ಕಾರ್ಖಾನೆಯಲ್ಲೇ ಬಳಿದವು. ಅವನ್ನು ‘ಬೇಡದ ಬಣ್ಣ’ವೆಂದು ಕೆರೆದು ಹಾಕಿದವರು ಕಡಿಮೆಯೇನಿಲ್ಲ. ಲಡ್ವಿಗ್‌ನ ಅನೇಕ ಶೆಲ್‌ಗಳ ಒಳಗೆ ತಯಾರಿಕೆಯ ದಿನಾಂಕದ ಶಾಯಿಮುದ್ರೆಯೂ ಇರುತ್ತದೆ, ಸ್ಪಿರಿಟ್ ತಗುಲಿದರೆ ಅದು ಅಳಿಸಿಹೋಗಬಹುದು.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯನ್ನು ಕಡೆಗಣಿಸುವಂತಿಲ್ಲ. ಅಮೆರಿಕದಲ್ಲಿ ಸೀಸ ಬೆರೆತ ಮನೆಬಳಕೆಯ ಬಣ್ಣಗಳ ನಿಷೇಧವಾದದ್ದು 1978ರಲ್ಲಿ. ಭಾರತದಲ್ಲಿ ಅದರ ಮಿತಿಯನ್ನು ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ ಇಳಿಸಿದ್ದು 2016ರ ನಿಯಮ. ಆದ್ದರಿಂದ ಒಣ ಉಪ್ಪುಕಾಗದದಿಂದ ಉಜ್ಜಿ ದೂಳೆಬ್ಬಿಸದೆ, ಮೇಲ್ಮೈಯನ್ನು ಒದ್ದೆಯಾಗಿಟ್ಟೇ ಕೆಲಸ ಮಾಡಬೇಕು, ಮಕ್ಕಳನ್ನು ದೂರವಿಡಬೇಕು.

ಇನ್ನು ತಿನ್ನರಿನ ವಿಷಯ. ಬಣ್ಣದಂಗಡಿಯಲ್ಲಿ ‘ಬಣ್ಣ ತೆಗೆಯಲು ಏನಾದರೂ ಕೊಡಿ’ ಎಂದು ಕೇಳಿದರೆ ಸಿಗುವುದು ಸಾಮಾನ್ಯವಾಗಿ ಎನ್‌ಸಿ ತಿನ್ನರ್. ಆ ಹೆಸರಿನಲ್ಲಿರುವ ‘ಎನ್‌ಸಿ’ ಎಂಬುದು ನೈಟ್ರೊಸೆಲ್ಯುಲೋಸ್ ಎಂಬುದರ ಸಂಕ್ಷೇಪ; ಅದು ಮೇಲೆ ಹೇಳಿದ ಸೆಲ್ಯುಲೋಸ್ ನೈಟ್ರೇಟಿನದೇ ಇನ್ನೊಂದು ಹೆಸರು. ಎಂದರೆ ಡ್ರಮ್ಮಿನ ಹೊದಿಕೆ ಯಾವ ವಸ್ತುವಿನಿಂದ ಆಗಿದೆಯೋ ಅದನ್ನೇ ಕರಗಿಸಲೆಂದು ಸಿದ್ಧಪಡಿಸಿದ ದ್ರವವನ್ನು ಅದರ ಮೇಲೆ ಸುರಿದಂತಾಗುತ್ತದೆ. ‘ತಿನ್ನರ್ ಬೇಡ, ಉಗುರುಬಣ್ಣ ತೆಗೆಯುವ ದ್ರವ ಸಾಕು’ ಎಂದು ಭಾವಿಸುವವರ ಸ್ಥಿತಿಯೂ ಭಿನ್ನವಲ್ಲ. ಉಗುರುಬಣ್ಣದ ಆಧಾರವೂ ನೈಟ್ರೊಸೆಲ್ಯುಲೋಸೇ, ಆ ಬಾಟಲಿಯಲ್ಲಿ ಹೆಚ್ಚಾಗಿ ಇರುವ ಅಸಿಟೋನ್ ಎರಡನ್ನೂ ಸಮನಾಗಿ ಕರಗಿಸುತ್ತದೆ. ಮೊದಲ ಒರೆತಕ್ಕೆ ಬಣ್ಣ ಸೊಗಸಾಗಿ ಎದ್ದು ಬರುವುದರಿಂದ ಕೆಲಸ ಸರಿಯಾಗಿ ನಡೆಯುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಎರಡನೆಯ ಒರೆತದ ವೇಳೆಗೆ ಬಟ್ಟೆ ಅಂಟಂಟಾಗಿ, ಹೊದಿಕೆಯ ಹೊಳಪು ಮಬ್ಬಾಗಿ, ಬಟ್ಟೆಯ ನೇಯ್ಗೆಯ ಗುರುತು ಅದರ ಮೇಲೆ ಅಚ್ಚೊತ್ತಿರುತ್ತದೆ. ಆ ಗುರುತನ್ನು ಪೂರ್ತಿಯಾಗಿ ಅಳಿಸುವ ಪಾಲಿಶ್ ಯಾವುದೂ ಇಲ್ಲ. ಮಿಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್‌ಗಳು ಇದಕ್ಕಿಂತಲೂ ಕೆಟ್ಟವು. ಅವುಗಳ ಹಬೆಯಿಂದ ಪ್ರಾಣಹಾನಿಯೂ ಆದುದರಿಂದ ಸಾಮಾನ್ಯ ಬಳಕೆದಾರರಿಗೆ ಅವನ್ನು ಮಾರುವುದನ್ನು ಅಮೆರಿಕ 2019ರಲ್ಲಿ ನಿಷೇಧಿಸಿತು. ಬಿಸಿಗಾಳಿಯ ಗನ್ ಹಿಡಿಯುವುದಂತೂ ಸಲ್ಲದು, ಏಕೆಂದರೆ ಸೆಲ್ಯುಲಾಯ್ಡ್ ಬೇಗ ಮೆತ್ತಗಾಗುವ, ಹೊತ್ತಿಕೊಂಡರೆ ಭುಗಿಲೇಳುವ ವಸ್ತು. ಬೆಂಕಿ ಸೋಕಿಸಿ ಪರೀಕ್ಷಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬಾರದು.

ಹಾಗಾದರೆ ಯಾವುದನ್ನು ಬಳಸಬೇಕೆಂಬುದು ಪರೀಕ್ಷೆಯಿಂದಲೇ ತೀರ್ಮಾನವಾಗಬೇಕು. ಲಗ್ ಬಿಚ್ಚಿದ ಜಾಗ ಇದಕ್ಕೆ ತಕ್ಕದ್ದು. ಬಣ್ಣ ಬಳಿದವರು ಲಗ್ ಬಿಚ್ಚದೆ ಸುತ್ತಲೂ ಬಳಿದಿದ್ದರೆ ಅಲ್ಲಿ ಮೂಲ ಮೇಲ್ಮೈ ನೇರವಾಗಿ ಕಾಣುತ್ತದೆ, ಮತ್ತು ಪರೀಕ್ಷೆಯಿಂದ ಕಲೆಯಾದರೂ ಮತ್ತೆ ಲಗ್ ಕೂರಿಸಿದಾಗ ಮುಚ್ಚಿಹೋಗುತ್ತದೆ. ಮೊದಲು ಸಾಬೂನಿನ ನೀರು, ಅನಂತರ ಮಿನರಲ್ ಟರ್ಪೆಂಟೈನ್, ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಎಂಬ ಕ್ರಮದಲ್ಲಿ ಹತ್ತಿಯುಂಡೆಯಿಂದ ಒಂದೊಂದನ್ನೂ ಆ ಜಾಗಕ್ಕೆ ಸವರಿ, ಮೇಲ್ಮೈ ಮಬ್ಬಾಗುತ್ತದೆಯೇ, ಬೆರಳಿಗೆ ಅಂಟುತ್ತದೆಯೇ ಎಂದು ನೋಡಬೇಕು. ಆಲ್ಕೊಹಾಲ್ ಕರ್ಪೂರದೊಡನೆ ಕೂಡಿ ಸೆಲ್ಯುಲಾಯ್ಡನ್ನು ಮೆತ್ತಗಾಗಿಸಬಲ್ಲುದು. ಬಡಗಿಗಳು ಬಳಸುವ ಸ್ಪಿರಿಟ್‌ನಲ್ಲಿ ಈ ಗುಣ ಇನ್ನೂ ಹೆಚ್ಚು. ಹೀಗಾಗಿ ಅದನ್ನು ಸವರಿ ಕೂಡಲೇ ಒರೆಸಬೇಕೇ ಹೊರತು ನೆನೆಸಿಡಬಾರದು.

ಹೊದಿಕೆಯ ಮೇಲಿನ ಬಣ್ಣ ಗೋಡೆಗೆ ಬಳಿಯುವ ಎಮಲ್ಷನ್ ಆಗಿದ್ದರೆ ಕೆಲಸ ಸುಲಭ. ನುಣುಪಾದ ಪ್ಲಾಸ್ಟಿಕ್ಕನ್ನು ಅದು ಗಟ್ಟಿಯಾಗಿ ಹಿಡಿದಿರುವುದಿಲ್ಲವಾದ್ದರಿಂದ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಗೈಯಗಲದ ಜಾಗದ ಮೇಲೆ ಕೆಲವು ನಿಮಿಷ ಹಾಸಿ, ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಓರೆಯಾಗಿ ಹಿಡಿದು ತಳ್ಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಬ್ಲೇಡು, ಚಾಕು, ಉಕ್ಕಿನ ಉಜ್ಜುಗಗಳಿಗೆ ಇಲ್ಲಿ ಪ್ರವೇಶವಿಲ್ಲ. ಹೊದಿಕೆಯ ಎರಡು ತುದಿ ಒಂದರ ಮೇಲೊಂದು ಕೂಡುವ ಬೆಸುಗೆಯ ಗೆರೆಯ ಕಡೆಗೆ ನೀರಾಗಲಿ ದ್ರಾವಕವಾಗಲಿ ಹರಿಯಬಾರದು, ಹರಿದರೆ ಅಂಟು ಬಿಟ್ಟು ಅಂಚು ಮೇಲೇಳುತ್ತದೆ. ಎನಾಮೆಲ್ ಬಣ್ಣ ಹಟಮಾರಿ. ಅದು ಟರ್ಪೆಂಟೈನಿನಲ್ಲಿ ಕರಗುವುದಿಲ್ಲ, ಅಂಚುಗಳಲ್ಲಿ ಅಷ್ಟಿಷ್ಟು ಸಡಿಲಗೊಳ್ಳುತ್ತದೆ ಅಷ್ಟೆ; ಆದ್ದರಿಂದ ಬಿರುಕು ಬಿಟ್ಟ ಕಡೆಯಿಂದ ಆರಂಭಿಸಿ ಇಂಚಿಂಚಾಗಿ ಕೆರೆಯುತ್ತ ಹೋಗುವುದಲ್ಲದೆ ಬೇರೆ ದಾರಿಯಿಲ್ಲ, ಒಂದು ಡ್ರಮ್ಮಿಗೆ ಹಲವು ಸಂಜೆಗಳು ಹಿಡಿದರೂ ಅದು ನಿಧಾನವೆನಿಸಬಾರದು.

ಕಠಿಣವಾದದ್ದು ಸ್ಪ್ರೇ ಡಬ್ಬಿಯ ಬಣ್ಣ. ಅದರಲ್ಲೇ ಇರುವ ದ್ರಾವಕ ಹೊದಿಕೆಯ ಮೇಲ್ಪದರವನ್ನು ಕೊಂಚ ಕರಗಿಸಿ ಅದರೊಡನೆ ಬೆರೆತಿರುವುದರಿಂದ ಇಲ್ಲಿ ದ್ರವಗಳ ಉಪಯೋಗ ಕಡಿಮೆ. 1500 ಅಂಕಿಯ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜಿ, 2000ಕ್ಕೆ ಏರಿ, ಕೊನೆಯಲ್ಲಿ ಪ್ಲಾಸ್ಟಿಕ್ ಪಾಲಿಶ್ ಹಾಕಬಹುದು. ಆದರೆ ಮಿನುಗುಪುಡಿ ಹುದುಗಿಸಿದ ‘ಸ್ಪಾರ್ಕಲ್’ ಹೊದಿಕೆಯಲ್ಲಿ ಪುಡಿಯ ಮೇಲಿನ ಪಾರದರ್ಶಕ ಪದರ ತೆಳು. ಉಜ್ಜಿದ ನೀರಿನಲ್ಲಿ ಮಿನುಗು ಕಂಡ ಕ್ಷಣವೇ ನಿಲ್ಲಿಸಬೇಕು. ಅಲ್ಲಲ್ಲಿ ಉಳಿದ ಚುಕ್ಕೆಗಳಿರುವ ಮೂಲ ಹೊದಿಕೆ, ಕನ್ನಡಿಯಂತೆ ಹೊಳೆಯುವ ಸವೆದ ಹೊದಿಕೆಗಿಂತ ಎಲ್ಲ ರೀತಿಯಲ್ಲೂ ಮೇಲು.

ಲ್ಯಾಕರ್ ಹೊಡೆದ ಮರಕ್ಕೂ ತಿನ್ನರ್ ಮತ್ತು ಸ್ಪಿರಿಟ್ ವರ್ಜ್ಯ; ಅಲ್ಲಿ ಟರ್ಪೆಂಟೈನ್ ಮತ್ತು ಪ್ಲಾಸ್ಟಿಕ್ ಅಂಚು ಇವೆರಡೇ ಆಯುಧ. ಕ್ರೋಮಿಯಂ ಲೇಪದ ಲಗ್ ಮತ್ತು ರಿಮ್‌ಗಳನ್ನು ಬೆಚ್ಚನೆಯ ಸಾಬೂನು ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಸಾಕು. ಕಾಸ್ಟಿಕ್ ಸೋಡಾ ಹಾಕಬಾರದು, ಏಕೆಂದರೆ ಲಗ್‌ಗಳು ಹೆಚ್ಚಾಗಿ ಸತುವಿನ ಎರಕ, ಲಡ್ವಿಗ್‌ನ ಸುಪ್ರಾಫೋನಿಕ್ ಸ್ನೇರ್ ಡ್ರಮ್ಮಿನ ಶೆಲ್ 1960ರ ದಶಕದಿಂದೀಚೆಗೆ ಬಹುಪಾಲು ಅಲ್ಯೂಮಿನಿಯಂ, ಈ ಎರಡು ಲೋಹಗಳನ್ನೂ ಕಾಸ್ಟಿಕ್ ತಿನ್ನುತ್ತದೆ. ಎಲ್ಲವನ್ನೂ ನೆರಳಿನಲ್ಲಿ ಪೂರ್ತಿ ಒಣಗಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಮತ್ತೆ ಜೋಡಿಸಬೇಕು.