ನೀರಡಿಕೆ ಮತ್ತು ಮಧುಮೇಹ

ನಮ್ಮ ಉಮರಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ನೀರಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ನಾಡು ನಮ್ಮದು. ಬೇಸಿಗೆ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾವಿಗಳ ತಳ ಕಾಣತೊಡಗುತ್ತದೆ. 2016ರಲ್ಲಿ ಮಾಂಜರಾ ಜಲಾಶಯ ಬತ್ತಿದಾಗ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. 'ಜಲದೂತ' ಎಂಬ ಆ ಗಾಡಿಯ ಮೊದಲ ಸರದಿ 10 ಟ್ಯಾಂಕುಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರು ಹೊತ್ತು ಏಪ್ರಿಲ್ 12ರಂದು ಬಂದು ತಲುಪಿತು. ಇಂಥ ನಾಡಿನಲ್ಲಿ ನೀರನ್ನು ಹಿತಮಿತವಾಗಿ ಬಳಸುವುದು ಒಳ್ಳೆಯ ಗುಣವೇ ಸರಿ.

ಆದರೆ ಒಂದು ಸಂದರ್ಭದಲ್ಲಿ ಈ ಉಳಿತಾಯ ಅಪಾಯಕ್ಕೆ ಕಾರಣವಾಗುತ್ತದೆ. ಮನೆಯಲ್ಲಿ ಅಜ್ಜನಿಗೋ ಅಮ್ಮನಿಗೋ ಮಧುಮೇಹ, ಅಂದರೆ ನಾವು ಆಡುಮಾತಿನಲ್ಲಿ 'ಶುಗರ್' ಅಥವಾ 'ಸಕ್ಕರೆ ಬೇನೆ' ಎನ್ನುವ ರೋಗ ಇರುತ್ತದೆ. ಅವರು ಮೇಲಿಂದ ಮೇಲೆ ಮೂತ್ರಕ್ಕೆ ಹೋಗುತ್ತಾರೆ, ರಾತ್ರಿ ನಿದ್ದೆಗೆಡುತ್ತಾರೆ. "ನೀರು ಹೆಚ್ಚು ಕುಡಿಯುವುದರಿಂದಲೇ ಹೀಗಾಗುತ್ತದೆ, ಸ್ವಲ್ಪ ಕಡಿಮೆ ಮಾಡಿರಿ" ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಈ ಮಾತು ಸರಿಯೇ? ವಿದ್ಯಾರ್ಥಿಗಳಾದ ನಾವು ಇದನ್ನು ಪರೀಕ್ಷಿಸಿ ನೋಡೋಣ.

ಹೆಸರಿನಲ್ಲಿಯೇ ಇರುವ ಲಕ್ಷಣ

'ಮಧು' ಎಂದರೆ ಜೇನು, 'ಮೇಹ' ಎಂದರೆ ಮೂತ್ರಕ್ಕೆ ಸಂಬಂಧಿಸಿದ ರೋಗ. ಈ ರೋಗಿಗಳ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಗ್ರೀಕರು ಇದಕ್ಕೆ ಕೊಟ್ಟ 'ಡಯಾಬಿಟಿಸ್' ಎಂಬ ಹೆಸರಿನಲ್ಲಿ ನೀರು ಕೊಳವೆಯ ಮೂಲಕ ಹಾಯ್ದು ಹೋಗುವ ಅರ್ಥವಿದೆ. ಒಂದು ಹೆಸರು ಸಿಹಿಯನ್ನು ಹೇಳಿತು, ಇನ್ನೊಂದು ನೀರು ಹರಿದುಹೋಗುವುದನ್ನು ಹೇಳಿತು. ಇವೆರಡಕ್ಕೂ ಇರುವ ಸಂಬಂಧವೇ ನಮ್ಮ ಇಂದಿನ ಪಾಠ.

ಮೂತ್ರಪಿಂಡದ ಲೆಕ್ಕ

ನಮ್ಮ ದೇಹದಲ್ಲಿರುವ ರಕ್ತ ಸುಮಾರು 5 ಲೀಟರ್. ಅದು ಮತ್ತೆ ಮತ್ತೆ ಮೂತ್ರಪಿಂಡಗಳನ್ನು ಹಾಯ್ದು ಬರುವುದರಿಂದ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಲ್ಪಡುತ್ತದೆ. ಹೆಚ್ಚುಕಡಿಮೆ ಅಷ್ಟೂ ದ್ರವವನ್ನು ಮೂತ್ರಪಿಂಡಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಸೋಸಿದ ದ್ರವದೊಡನೆ ಬಂದ ಗ್ಲೂಕೋಸ್ ಸಕ್ಕರೆಯನ್ನೂ ಅವು ಪೂರ್ತಿಯಾಗಿ ಹಿಂದಕ್ಕೆ ಪಡೆಯುತ್ತವೆ. ಎಂಥ ಮಿತವ್ಯಯ!

ಆದರೆ ಈ ಶಕ್ತಿಗೂ ಒಂದು ಮಿತಿಯುಂಟು. ರಕ್ತದಲ್ಲಿ ಸಕ್ಕರೆಯ ಪ್ರಮಾಣ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ, ಮೂತ್ರಪಿಂಡಗಳಿಗೆ ಅದನ್ನೆಲ್ಲ ಹಿಂದಕ್ಕೆ ಪಡೆಯಲು ಸಾಧ್ಯವಾಗುವುದಿಲ್ಲ. ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಅದು ಒಂಟಿಯಾಗಿ ಹೋಗುವುದಿಲ್ಲ. ನೀರನ್ನೂ ತನ್ನೊಡನೆ ಎಳೆದೊಯ್ಯುತ್ತದೆ.

ಒಂದು ಸುಲಭ ಪ್ರಯೋಗ

ಸಕ್ಕರೆ ನೀರನ್ನು ಎಳೆಯುವುದನ್ನು ಮನೆಯಲ್ಲಿಯೇ ನೋಡಬಹುದು. ಕೆಲವು ಒಣದ್ರಾಕ್ಷಿಗಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿರಿ. ಬೆಳಿಗ್ಗೆ ಅವು ಉಬ್ಬಿರುತ್ತವೆ. ಒಳಗಿನ ಸಕ್ಕರೆ ಸಿಪ್ಪೆಯ ಮೂಲಕ ನೀರನ್ನು ಒಳಗೆಳೆದುಕೊಂಡಿದೆ. ಈಗ ಅವುಗಳನ್ನು ಗಟ್ಟಿಯಾದ ಸಕ್ಕರೆ ಪಾಕದಲ್ಲಿ ಹಾಕಿರಿ. ಕೆಲವು ತಾಸುಗಳಲ್ಲಿ ಅವು ಮತ್ತೆ ಸುಕ್ಕುಗಟ್ಟುತ್ತವೆ. ಈ ಸಲ ಹೊರಗಿನ ಪಾಕ ನೀರನ್ನು ಎಳೆದುಕೊಂಡಿತು. ಸಕ್ಕರೆ ದಟ್ಟವಾಗಿರುವ ಕಡೆಗೆ ನೀರು ಸರಿಯುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ವಿಜ್ಞಾನದ ಪಾಠದಲ್ಲಿ ಇದಕ್ಕೆ ಅಭಿಸರಣ ಎಂದು ಹೆಸರು.

ಆದುದರಿಂದ ರೋಗಿಯು ಹೆಚ್ಚು ನೀರು ಕುಡಿದುದರಿಂದ ಹೆಚ್ಚು ಮೂತ್ರ ಹೋಗುತ್ತದೆಂಬುದು ತಲೆಕೆಳಗಾದ ಮಾತು. ಸಕ್ಕರೆ ಹೆಚ್ಚಿದ್ದರಿಂದ ಮೂತ್ರ ಹೋಗುತ್ತದೆ. ಮೂತ್ರ ಹೋದುದರಿಂದ ನೀರಡಿಕೆಯಾಗುತ್ತದೆ. ನೀರಡಿಕೆಯು ರೋಗಿಯ ದುರಭ್ಯಾಸವಲ್ಲ, ದೇಹದ ಕೂಗು.

ನೀರು ಕಡಿಮೆಯಾದರೆ ಏನಾಗುತ್ತದೆ?

ಬೆಲ್ಲದ ಗಾಣವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಯಾರೂ ಹೊಸದಾಗಿ ಸಕ್ಕರೆ ಹಾಕುವುದಿಲ್ಲ. ನೀರು ಆರಿಹೋಗುವುದರಿಂದಲೇ ಪಾಕ ಗಟ್ಟಿಯಾಗುತ್ತದೆ. ದೇಹದಲ್ಲಿಯೂ ಹಾಗೆಯೇ. ನೀರು ಕಳೆದುಹೋಗಿ ಅದನ್ನು ತುಂಬದಿದ್ದರೆ ರಕ್ತದಲ್ಲಿರುವ ಸಕ್ಕರೆ ಮತ್ತಷ್ಟು ದಟ್ಟವಾಗುತ್ತದೆ. ಸಕ್ಕರೆ ಏರಿದಂತೆ ಮೂತ್ರ ಹೆಚ್ಚುತ್ತದೆ, ಮತ್ತೆ ನೀರು ಕಡಿಮೆಯಾಗುತ್ತದೆ. ಬಾಯಿ ಒಣಗುವುದು, ತಲೆನೋವು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ನಿಶ್ಶಕ್ತಿ ಇವು ಅದರ ಲಕ್ಷಣಗಳು. ಮಿತಿಮೀರಿದರೆ ರೋಗಿಗೆ ಮಂಪರು ಕವಿದು ಪ್ರಜ್ಞೆ ತಪ್ಪಬಹುದು. ವೃದ್ಧರಲ್ಲಿ ನೀರಡಿಕೆಯ ಅರಿವೇ ಮಂದವಾಗಿರುತ್ತದೆ. ಆದ್ದರಿಂದ "ಬೇಕಾದರೆ ಕೇಳುತ್ತಾರೆ" ಎಂದು ನಾವು ಸುಮ್ಮನಿರಬಾರದು.

ಇನ್ನೊಂದು ವಿಷಯವನ್ನು ನೆನಪಿಡಬೇಕು. ಮೂತ್ರ ಅರಿಸಿನದಂತೆ ಗಾಢವಾಗಿದ್ದರೆ ನೀರು ಸಾಲದು, ತಿಳಿಯಾಗಿದ್ದರೆ ಸಾಕಷ್ಟಿದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಸಕ್ಕರೆ ಬಹಳ ಏರಿದ ಮಧುಮೇಹಿಗಳ ವಿಷಯದಲ್ಲಿ ಈ ಗುರುತನ್ನೇ ನಂಬುವಂತಿಲ್ಲ. ದೇಹ ಒಣಗುತ್ತಿರುವಾಗಲೂ ಅವರ ಮೂತ್ರ ತಿಳಿಯಾಗಿಯೇ ಇರಬಹುದು.

ಏನನ್ನು ಕುಡಿಯಬೇಕು? ಎಷ್ಟು?

ಎಲ್ಲಕ್ಕಿಂತ ಉತ್ತಮ ಪಾನೀಯ ಹರವಿಯ ತಣ್ಣೀರು. ಬಳಿಕ ಸಕ್ಕರೆ ಹಾಕದ ತೆಳುಮಜ್ಜಿಗೆ. ರಕ್ತದೊತ್ತಡ ಇರುವವರಿಗೆ ಅದರಲ್ಲಿ ಉಪ್ಪು ಕಡಿಮೆ ಇರಲಿ. ಸಕ್ಕರೆಯಿಲ್ಲದ ನಿಂಬೆಹಣ್ಣಿನ ನೀರೂ ಆಗಬಹುದು.

ಬಿಸಿಲಿನಲ್ಲಿ ಬಸ್ ನಿಲ್ದಾಣದ ಬಳಿಯ ರಸವಂತಿಯ ಗೆಜ್ಜೆ ಸದ್ದು ಎಲ್ಲರನ್ನೂ ಕರೆಯುತ್ತದೆ. ಆದರೆ ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ ಬಹಳಷ್ಟು ಸಕ್ಕರೆ ಇರುತ್ತದೆ. ಬಾಟಲಿಯ ಸಿಹಿ ತಂಪು ಪಾನೀಯಗಳೂ ಅಷ್ಟೇ: 250 ಮಿಲಿಲೀಟರಿನಲ್ಲಿ ಸುಮಾರು 25 ಗ್ರಾಂ ಸಕ್ಕರೆ. ಸಕ್ಕರೆ ಏರಿದವರು ಇವುಗಳಿಂದ ನೀರಡಿಕೆ ಕಳೆಯಲು ಹೋಗುವುದು ಉರಿಗೆ ಎಣ್ಣೆ ಸುರಿದಂತೆ. ಔಷಧಿಯಿಂದ ಸಕ್ಕರೆ ತೀರ ಇಳಿದು ಮೈ ನಡುಗಿ ಬೆವರು ಬಂದಾಗ ಮಾತ್ರ ಕೂಡಲೇ ಸಿಹಿ ಕೊಡಬೇಕು. ಆಗ ಅದೇ ಮದ್ದು.

ಪ್ರಾಯದವರಿಗೆ ಸಾಮಾನ್ಯ ದಿನಗಳಲ್ಲಿ ಒಟ್ಟು 2ರಿಂದ 3 ಲೀಟರ್ ದ್ರವ ಬೇಕಾಗುತ್ತದೆ. ಬಿಸಿಲಿನಲ್ಲಿ ಹೊಲಗೆಲಸ ಮಾಡುವವರಿಗೆ ಇನ್ನೂ ಹೆಚ್ಚು ಬೇಕು. ಒಮ್ಮೆಲೇ ಕುಡಿಯದೆ ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಬೆಳಿಗ್ಗೆ ಮತ್ತು ಮಧ್ಯಾಹ್ನ ಹೆಚ್ಚಾಗಿ ಕುಡಿದರೆ ರಾತ್ರಿ ಏಳುವ ಕಷ್ಟ ಕೊಂಚ ತಗ್ಗುತ್ತದೆ. ಆದರೆ ಮೂತ್ರಪಿಂಡ ಅಥವಾ ಹೃದಯದ ದೌರ್ಬಲ್ಯವಿರುವ ರೋಗಿಗಳಿಗೆ ವೈದ್ಯರು ನೀರಿನ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಅವರು ಆ ಅಳತೆಯನ್ನು ಮೀರಬಾರದು.

ನಮ್ಮ ತಾಯಂದಿರ ವಿಷಯವನ್ನು ಇಲ್ಲಿ ಹೇಳಲೇಬೇಕು. ಹೊಲದಲ್ಲಿ ಮರೆಯಿಲ್ಲವೆಂದು, ಪ್ರಯಾಣದಲ್ಲಿ ಶೌಚಾಲಯ ಸಿಗದೆಂದು ಅನೇಕ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟುವುದಿಲ್ಲ. ದೂರದಿಂದ ಕೊಡ ಹೊತ್ತು ತಂದವಳೇ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಕುಡಿಯುತ್ತಾಳೆ. ಮಧುಮೇಹವಿದ್ದರೆ ಈ ತ್ಯಾಗ ಅವಳ ಆರೋಗ್ಯಕ್ಕೇ ಮುಳುವಾಗುತ್ತದೆ. ಮನೆಗೊಂದು ಶೌಚಾಲಯವೂ ಮಧುಮೇಹದ ಚಿಕಿತ್ಸೆಯ ಒಂದು ಭಾಗವೆಂದು ಪಾಲಕರು ತಿಳಿಯಬೇಕು.

ನೀರನ್ನೂ ಮುಟ್ಟದ ಉಪವಾಸವಾಗಲಿ, ರಂಜಾನಿನ ರೋಜಾ ಆಗಲಿ, ಮಧುಮೇಹವುಳ್ಳವರು ಮುಂಚಿತವಾಗಿ ವೈದ್ಯರನ್ನು ಕೇಳಿಯೇ ಆಚರಿಸಬೇಕು.

ವಾಂತಿಭೇದಿಯಾದಾಗ

ಬೇಸಿಗೆಯ ಕೊನೆಗೆ ನೀರು ಕಲುಷಿತವಾಗಿ ವಾಂತಿಭೇದಿ ಹರಡುವುದುಂಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾಕ್ಟರ್ ದಿಲೀಪ ಮಹಾಲನೊಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಅದೇ ಇಂದಿನ ಓ.ಆರ್.ಎಸ್. ಅದರಲ್ಲಿರುವ ಅಲ್ಪ ಗ್ಲೂಕೋಸ್ ಕರುಳಿನಿಂದ ಉಪ್ಪು ಮತ್ತು ನೀರನ್ನು ರಕ್ತಕ್ಕೆ ಸೇರಿಸಲು ಸಹಾಯ ಮಾಡುತ್ತದೆ. ಆದ್ದರಿಂದ ಭೇದಿಯಾದಾಗ ಮಧುಮೇಹಿಗಳಿಗೂ ಅದನ್ನು ಕೊಡಬಹುದು. ದಿನನಿತ್ಯದ ಶರಬತ್ತಿನಂತೆ ಮಾತ್ರ ಕೊಡಬಾರದು. ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕಿಸುವ ಹೊಸ ಬಗೆಯ ಮಾತ್ರೆಗಳೂ ಈಗ ಬಳಕೆಯಲ್ಲಿವೆ. ವಾಂತಿಭೇದಿಯಿರುವಾಗ ಯಾವ ಮಾತ್ರೆ ಇರಲಿ, ಯಾವುದು ಬೇಡ ಎಂಬುದನ್ನು ಅದೇ ದಿನ ವೈದ್ಯರಿಂದ ತಿಳಿಯಬೇಕು. ಊಟ ಸೇರದೆಂದು ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಲೇಬಾರದು.

ತರಗತಿಯಲ್ಲಿ ಕಾಣುವ ಗುರುತು

ಮಧುಮೇಹ ಮುದುಕರ ರೋಗವೆಂಬ ಭಾವನೆಯೂ ತಪ್ಪು. ಇನ್ಸುಲಿನ್ ಚಿಕಿತ್ಸೆಯನ್ನು ಜಗತ್ತಿನಲ್ಲಿ ಮೊದಲು ಪಡೆದವನು ನಿಮ್ಮದೇ ವಯಸ್ಸಿನ ಹುಡುಗ. ಕೆನಡಾದ ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ, 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ನಿಗೆ ಅದನ್ನು ಚುಚ್ಚಲಾಯಿತು. ಅದಕ್ಕೆ ಮುಂಚೆ ಈ ಬಗೆಯ ರೋಗ ತಗಲಿದ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ.

ಒಬ್ಬ ವಿದ್ಯಾರ್ಥಿ ಪದೇ ಪದೇ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುತ್ತಿದ್ದರೆ ಅದನ್ನು ಪಾಠ ತಪ್ಪಿಸುವ ನೆಪವೆಂದು ಗದರಿಸಬಾರದು. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ, ಉಂಡರೂ ಸೊರಗುತ್ತಿದ್ದರೆ, ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಹೊಟ್ಟೆನೋವು, ವಾಂತಿ, ದೀರ್ಘವಾದ ಉಸಿರಾಟ, ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಕಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು. ಬಾಯಾರಿದಾಗ ಬಾವಿ ತೋಡಿದಂತಾಗಬಾರದು.

2019ರಲ್ಲಿ ಕೇರಳದ ಕೆಲವು ಶಾಲೆಗಳು ಮಕ್ಕಳು ನೀರು ಕುಡಿಯಲೆಂದೇ ಬೇರೆ ಗಂಟೆ ಬಾರಿಸುವ ಪದ್ಧತಿ ಆರಂಭಿಸಿದವು. ಒಂದು ಗಂಟೆಗೆ ಖರ್ಚಿಲ್ಲ. ಎಲ್ಲ ಶಾಲೆಗಳೂ ಇದನ್ನು ಅನುಸರಿಸಬಹುದು.

ನಾವು ಮಾಡಬಹುದಾದ ಕೆಲಸ

1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಗುವವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಇಂದಿಗೂ ಗಡಿಭಾಗದ ಎಷ್ಟೋ ಮನೆಗಳ ಮಾತು ಕನ್ನಡ. ಆಸ್ಪತ್ರೆಯ ಫಲಕ, ಸೂಚನೆಗಳು ಮರಾಠಿ. ಔಷಧಿಯ ಚೀಟಿ ಇಂಗ್ಲಿಷು. ಅಜ್ಜಿ ಯಾವುದನ್ನು ಓದಬೇಕು? ಮೂರು ಭಾಷೆ ಕಲಿಯುತ್ತಿರುವ ನಾವೇ ಅವಳಿಗೆ ಓದಿ ಹೇಳಬೇಕು. ವೈದ್ಯರು ಹೇಳಿದ ನೀರಿನ ಅಳತೆಯನ್ನು ಕೇಳಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಮನೆಯ ತಂಬಿಗೆಯನ್ನು ಒಂದು ಲೀಟರ್ ಬಾಟಲಿಯಿಂದ ಅಳೆದು, ದಿನಕ್ಕೆ ಎಷ್ಟು ತಂಬಿಗೆಯೆಂದು ಲೆಕ್ಕ ಹಾಕಿ ಕೊಡಬೇಕು.

ನೀರು ಬರದ ದಿನಗಳಲ್ಲಿ ಸ್ನಾನ, ಬಟ್ಟೆ, ಅಂಗಳಗಳಲ್ಲಿ ಉಳಿಸೋಣ. ಕುಡಿಯುವ ನೀರಿನಲ್ಲಿ, ಅದರಲ್ಲಿಯೂ ರೋಗಿಯ ತಂಬಿಗೆಯಲ್ಲಿ ಉಳಿತಾಯ ಬೇಡ. ಮನೆಗೆ ಬಂದ ಮೊದಲ ಕೊಡದಲ್ಲಿ ಅವರ ಪಾಲನ್ನು ಮೊದಲು ತೆಗೆದಿಡೋಣ.

ಅಭ್ಯಾಸ

1. ಮಧುಮೇಹದಲ್ಲಿ ನೀರಡಿಕೆ ಮೂತ್ರಕ್ಕೆ ಕಾರಣವೋ, ಮೂತ್ರ ನೀರಡಿಕೆಗೆ ಕಾರಣವೋ? ವಿವರಿಸಿರಿ.
2. ಒಣದ್ರಾಕ್ಷಿಯ ಪ್ರಯೋಗವನ್ನು ಮಾಡಿ, ಕಂಡುದನ್ನು ಬರೆಯಿರಿ.
3. ಯಾವ ರೋಗಿಗಳು ವೈದ್ಯರು ಹೇಳಿದ ಅಳತೆಗಿಂತ ಹೆಚ್ಚು ನೀರು ಕುಡಿಯಬಾರದು?
4. ನಿಮ್ಮ ಮನೆಯಲ್ಲಿ ಯಾರು ಎಲ್ಲರಿಗಿಂತ ಕಡಿಮೆ ನೀರು ಕುಡಿಯುತ್ತಾರೆ? ಕಾರಣವನ್ನು ಅವರಿಂದಲೇ ಕೇಳಿ ತಿಳಿಯಿರಿ.