ಬಾವಿಯ ನೀರಿನ ಗುಣವೂ ನೆಲದೊಳಗಣ ಬಂಡೆಯೂ

ಒಂದು ಊರಿನ ಮೇಲೆ ಬೀಳುವ ಮಳೆಯು ಒಂದೇ ಆದರೂ ಅಲ್ಲಿಯ ಬಾವಿಗಳ ನೀರೆಲ್ಲವೂ ಒಂದೇ ತೆರನಾಗಿರುವುದಿಲ್ಲ. ಒಂದರ ನೀರಿನಲ್ಲಿ ಬೇಳೆಯು ಬೇಗನೆ ಬೇಯುವುದು. ಮತ್ತೊಂದರಲ್ಲಿ ಬೇಳೆ ಬೇಯದು, ಸಾಬೂನಿನ ನೊರೆಯೂ ಏಳದು. ಈ ಭೇದಕ್ಕೆ ಮುಖ್ಯ ಕಾರಣವು ನೀರು ಹಾದು ಬರುವ ಮಣ್ಣು ಮತ್ತು ಬಂಡೆಗಳೇ ಆಗಿರುವುವು.

ಮಳೆಯ ನೀರಿನಲ್ಲಿ ಲವಣಾಂಶವು ಅತ್ಯಲ್ಪ. ಅದು ನೆಲದೊಳಕ್ಕೆ ಇಂಗುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಹೊರಬಿಡುವ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಕೊಂಚ ಆಮ್ಲಗುಣವನ್ನು ಪಡೆಯುವುದು. ಈ ಆಮ್ಲವು ದುರ್ಬಲವಾದರೂ ಬಂಡೆಯನ್ನು ಮೆಲ್ಲಮೆಲ್ಲನೆ ಕರಗಿಸುವುದು.

ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿರುವಂತಹ ಸುಣ್ಣಕಲ್ಲು ಬೇಗನೆ ಕರಗುವುದರಿಂದ ನೀರು ಗಡುಸಾಗಿ, ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಹೊಪ್ಪಳೆ ಕಟ್ಟುವುದು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಗಳಲ್ಲಿ ಹೆಚ್ಚಾಗಿರುವ ಗ್ರಾನೈಟ್ ಜಾತಿಯ ಬಂಡೆಗಳು ಬಹು ನಿಧಾನವಾಗಿ ಸವೆಯುವುವು. ಅವುಗಳ ಒಂದು ಭಾಗವು ಜೇಡಿಯಾಗಿ ಉಳಿದು, ಸೋಡಿಯಂ, ಕ್ಯಾಲ್ಸಿಯಂ ಮುಂತಾದುವು ನೀರಿಗೆ ಸೇರುವುವು. ಅವುಗಳಲ್ಲಿರುವ ಕಪ್ಪು ಕಾಗೆಬಂಗಾರ ಮೊದಲಾದ ಖನಿಜಗಳಿಂದ ಫ್ಲೋರೈಡ್ ಸಹ ಬರುವುದು.

ನೀರು ಆಳದ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ ಇಂತಹ ಅಂಶಗಳು ಹೆಚ್ಚುವ ಸಂಭವವುಂಟು. ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಬೇರ್ಪಟ್ಟು ಕಡಿಮೆಯಾದ ಮೇಲೆ ಫ್ಲೋರೈಡ್ ಇನ್ನೂ ಹೆಚ್ಚಾಗಿ ಕರಗಿರಬಲ್ಲುದು. ಆದುದರಿಂದ ತಿಳಿಯಾಗಿ, ರುಚಿಯಾಗಿ, ಚೆನ್ನಾಗಿ ನೊರೆಯೇಳುವ ನೀರೆಲ್ಲವೂ ನಿರಪಾಯಕರವೆಂದು ನಂಬತಕ್ಕದ್ದಲ್ಲ. ಆಳಕ್ಕೆ ಕೊರೆದಷ್ಟೂ ನೀರು ಶುದ್ಧವೆಂಬ ಭಾವನೆಯೂ ಸರಿಯಲ್ಲ.

ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಮಿನವರೆಗೆ ಸಮ್ಮತವುಂಟು. ಇದಕ್ಕೆ ಮೀರಿದ ನೀರನ್ನು ಕುಡಿಯುತ್ತ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಹಳದಿ ಅಥವಾ ಕಂದು ಕಲೆಗಳು ಮೂಡುವುವು. ಫ್ಲೋರೈಡ್ ಬಹಳ ಹೆಚ್ಚಾಗಿರುವ ನೀರನ್ನು ಅನೇಕ ವರ್ಷ ಬಳಸಿದವರ ಕೀಲುಗಳು ಬಿಗಿದು ಬೆನ್ನು ಬಾಗುವುದೂ ಉಂಟು. ನೆಲ್ಲೂರು ಜಿಲ್ಲೆಯಲ್ಲಿ ಈ ವ್ಯಾಧಿಯಿದ್ದುದನ್ನು ವೈದ್ಯರು 1937ರಲ್ಲಿಯೇ ವರದಿಮಾಡಿದರು. ಹೀಗೆ ಬಾಗಿದ ಮೂಳೆಯು ಔಷಧದಿಂದ ಪುನಃ ನೆಟ್ಟಗಾಗದು. ಮೊದಲೇ ತಡೆಯುವುದೊಂದೇ ಉಪಾಯ.

ಸೋಡಿಯಂ ಹೆಚ್ಚಾಗಿ ಸುಣ್ಣದಂಶ ಕಡಿಮೆಯಾದ ನೀರು ಜಮೀನಿಗೂ ಹಾನಿಕರವು. ಅದನ್ನು ಜೇಡಿ ಭೂಮಿಗೆ ಹಾಯಿಸುತ್ತ ಬಂದರೆ ಮಣ್ಣು ಬಿಗಿದು, ನೀರು ಇಂಗದೆ, ನೆಲವು ಚೌಳಾಗುವುದು.

ಗ್ರಾಮಸ್ಥರು ಅನುಸರಿಸತಕ್ಕ ಕ್ರಮಗಳು:

1. ಹೊಸ ಬಾವಿಯ ನೀರನ್ನು ಬಳಕೆಗೆ ತರುವ ಮೊದಲೇ ಪರೀಕ್ಷೆ ಮಾಡಿಸತಕ್ಕದ್ದು. ಪಂಪನ್ನು ಸ್ವಲ್ಪ ಹೊತ್ತು ನಡೆಸಿ, ಶುಭ್ರವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು.

2. ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಪರೀಕ್ಷಿಸುವುದು ಉತ್ತಮ.

3. ಕುದಿಸುವುದರಿಂದ ಫ್ಲೋರೈಡ್ ಹೋಗದು; ನೀರು ಬತ್ತಿದಂತೆ ಅದರ ಪ್ರಮಾಣವು ಏರುವುದು.

4. ದೋಷವು ಕಂಡುಬಂದಲ್ಲಿ, ಚೊಕ್ಕಟವಾದ ಮಾಳಿಗೆಯಿಂದ ಶೇಖರಿಸಿ ಶೋಧಿಸಿದ ಮಳೆಯ ನೀರನ್ನಾಗಲಿ, ಪರೀಕ್ಷಿತವಾದ ಬೇರೆ ನೀರನ್ನಾಗಲಿ ಕುಡಿಯುವುದಕ್ಕೂ ಅಡಿಗೆಗೂ ಬಳಸತಕ್ಕದ್ದು. ನೀರು ಸಾಲದಿದ್ದರೆ ಮಕ್ಕಳಿಗೆ ಮೊದಲು ಒದಗಿಸಬೇಕು.

5. ಕೆರೆಗಳ ಹೂಳು ತೆಗೆದು, ಮಳೆಯ ನೀರು ಹೆಚ್ಚಾಗಿ ಇಂಗುವಂತೆ ಮಾಡಿದರೆ ಬಾವಿಯ ನೀರಿನ ಲವಣಾಂಶವು ತಗ್ಗುವ ಸಂಭವವುಂಟು. ಆದರೂ ಪುನಃ ಪರೀಕ್ಷಿಸದೆ ಆ ನೀರನ್ನು ಕುಡಿಯತಕ್ಕದ್ದಲ್ಲ.