ಯಂತ್ರದ ಕಿರುನಿದ್ರೆ

ಲ್ಯಾಪ್‌ಟಾಪಿನ ಮುಂದೆ ಕುಳಿತು ಪತ್ರವೊಂದನ್ನು ಬರೆಯುತ್ತಿರುವವನನ್ನು ಕಂಡರೆ, ಆ ಮನುಷ್ಯನೂ ಅವನ ಯಂತ್ರವೂ ಎಡೆಬಿಡದೆ ದುಡಿಯುತ್ತಿರುವಂತೆ ತೋರುತ್ತದೆ. ಮನುಷ್ಯನ ಮಟ್ಟಿಗೆ ಇದು ನಿಜವಿರಬಹುದು. ಯಂತ್ರದ ಮಟ್ಟಿಗೆ ನಿಜವಲ್ಲ. ನುರಿತ ಬೆರಳಚ್ಚುಗಾರನೊಬ್ಬನು ಒಂದು ಸೆಕೆಂಡಿಗೆ 5 ಕೀಲಿಗಳನ್ನು ಒತ್ತುತ್ತಾನೆಂದು ಇಟ್ಟುಕೊಂಡರೆ, ಮತ್ತು ಯಂತ್ರದ ಮಿದುಳೆನ್ನಬಹುದಾದ ಪ್ರೊಸೆಸರಿನಲ್ಲಿ ಸೆಕೆಂಡಿಗೆ 300 ಕೋಟಿ ಗಡಿಯಾರ ಮಿಡಿತಗಳು ನಡೆಯುತ್ತಿದ್ದರೆ, ಒಂದು ಕೀಲಿಗೂ ಮುಂದಿನ ಕೀಲಿಗೂ ನಡುವೆ ಪ್ರೊಸೆಸರಿಗೆ 60 ಕೋಟಿ ಮಿಡಿತಗಳಷ್ಟು ಕಾಲ ದೊರೆಯುತ್ತದೆ. ಒತ್ತಿದ ಅಕ್ಷರವನ್ನು ಗುರುತಿಸಿ ತೆರೆಯ ಮೇಲೆ ಮೂಡಿಸಲು ಅದರ ಅತ್ಯಲ್ಪ ಭಾಗವೇ ಸಾಕು. ಉಳಿದುದೆಲ್ಲ ಬಿಡುವು. ಈ ಬಿಡುವಿನಲ್ಲಿ ಪ್ರೊಸೆಸರ್ ಏನು ಮಾಡುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ 50 ವ್ಯಾಟ್-ಗಂಟೆಗಳಷ್ಟು ಶಕ್ತಿಯಿರುವ ಬ್ಯಾಟರಿಯೊಂದು, ಯಂತ್ರವು 10 ವ್ಯಾಟ್ ಸೆಳೆದರೆ 5 ಗಂಟೆಗಳಲ್ಲಿ ಬರಿದಾಗುತ್ತದೆ; 5 ವ್ಯಾಟ್ ಸೆಳೆದರೆ 10 ಗಂಟೆ ಬಾಳುತ್ತದೆ. ಈ ಅಂತರಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಕೆಲಸದ ಹೊತ್ತಲ್ಲ, ಬಿಡುವಿನ ಹೊತ್ತು.

ಗಣಕಯಂತ್ರಗಳು ಮೇಜಿನ ಮೇಲೆ ಬಂದು ಕುಳಿತ ಮೊದಲ ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳಿದವರು ವಿರಳ. ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ 8086 ಎಂಬ ಪ್ರೊಸೆಸರಿನಲ್ಲಿಯೇ, ಹೊರಗಿನಿಂದ ಸಂಕೇತ ಬರುವವರೆಗೂ ಸುಮ್ಮನೆ ನಿಲ್ಲಬೇಕೆಂದು ತಿಳಿಸುವ ಆಜ್ಞೆಯೊಂದಿತ್ತು. ಆದರೂ ಡಾಸ್ ವ್ಯವಸ್ಥೆಯ ಯಂತ್ರಗಳು ಸಾಮಾನ್ಯವಾಗಿ ಅದನ್ನು ಬಳಸುತ್ತಿರಲಿಲ್ಲ. ‘ಯಾರಾದರೂ ಕೀಲಿ ಒತ್ತಿದರೆ? ಒತ್ತಿದರೆ?’ ಎಂದು ವಿಚಾರಿಸುತ್ತ ಅವು ಒಂದೇ ಸುತ್ತಿನಲ್ಲಿ ತಿರುಗುತ್ತಿದ್ದವು. ಬಾಗಿಲು ಬಡಿದರೆ ಕೇಳಿಸೀತೆಂದು ಒಳಗೆ ವಿಶ್ರಮಿಸುವ ಬದಲು, ಕ್ಷಣಕ್ಷಣಕ್ಕೂ ಎದ್ದು ಹೋಗಿ ಬಾಗಿಲು ತೆಗೆದು ನೋಡುವ ಗೃಹಸ್ಥನ ಪಾಡು ಅದು. ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಧಾರಾಳವಾಗಿ ದೊರೆಯುತ್ತಿದ್ದಾಗ ಈ ದುಂದು ಯಾರ ಕಣ್ಣಿಗೂ ಬೀಳಲಿಲ್ಲ. ಯಂತ್ರವನ್ನು ಕೈಚೀಲದಲ್ಲಿ ಹೊತ್ತು ತಿರುಗುವ ಕಾಲ ಬಂದಾಗ ಬಿತ್ತು.

ಪ್ರೊಸೆಸರಿನಲ್ಲಿ ವಿದ್ಯುತ್ತು ವ್ಯಯವಾಗುವ ದಾರಿಗಳು ಮುಖ್ಯವಾಗಿ ಎರಡು. ಅದರೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಗಡಿಯಾರದ ಮಿಡಿತಕ್ಕೆ ಅನುಗುಣವಾಗಿ ತೆರೆದು ಮುಚ್ಚುವಾಗ ಪ್ರತಿ ಬಾರಿಯೂ ಸ್ವಲ್ಪ ಶಕ್ತಿ ಖರ್ಚಾಗುತ್ತದೆ. ಗಡಿಯಾರವನ್ನು ನಿಲ್ಲಿಸಿದರೆ ಈ ಖರ್ಚು ನಿಲ್ಲುತ್ತದೆ. ಎರಡನೆಯದು ಸೋರಿಕೆ. ಮುಚ್ಚಿದ ನಲ್ಲಿಯಿಂದಲೂ ನೀರು ತೊಟ್ಟಿಕ್ಕುವಂತೆ, ಮುಚ್ಚಿರುವ ಟ್ರಾನ್ಸಿಸ್ಟರಿನ ಮೂಲಕವೂ ಅತಿ ಸಣ್ಣ ಪ್ರವಾಹವೊಂದು ಹರಿಯುತ್ತಲೇ ಇರುತ್ತದೆ. ಟ್ರಾನ್ಸಿಸ್ಟರುಗಳನ್ನು ಚಿಕ್ಕದು ಮಾಡುತ್ತ ಹೋದಂತೆ ಈ ಸೋರಿಕೆಯು ಕಡೆಗಣಿಸಲಾಗದಷ್ಟು ಹೆಚ್ಚಿತು. ಇದನ್ನು ತಡೆಯಬೇಕಾದರೆ ಗಡಿಯಾರ ನಿಲ್ಲಿಸಿದರೆ ಸಾಲದು. ವೋಲ್ಟೇಜನ್ನೇ ಇಳಿಸಬೇಕು ಅಥವಾ ಪೂರ್ಣವಾಗಿ ಕಡಿಯಬೇಕು. ಕಡಿದರೆ ಪ್ರೊಸೆಸರ್ ತಾನು ಮಾಡುತ್ತಿದ್ದುದೆಲ್ಲವನ್ನೂ ಮರೆಯುತ್ತದೆ. ತೊಡಕು ಇರುವುದು ಇಲ್ಲಿಯೇ.

ನೇಗಿಲು ಹೂಡಿದ ರೈತನು ಎಲೆಅಡಿಕೆ ಹಾಕಿಕೊಳ್ಳಲೆಂದು ಗಳಿಗೆ ನಿಂತರೆ ಎತ್ತುಗಳ ನೊಗವನ್ನು ಕಳಚುವುದಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ನೊಗ ಕಳಚಿ ಮರದ ನೆರಳಿಗೆ ಕಟ್ಟುತ್ತಾನೆ. ಬೈಗಾದ ಮೇಲೆ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಾನೆ. ವಿಶ್ರಾಂತಿ ಹೆಚ್ಚಿದಷ್ಟೂ ಎತ್ತುಗಳನ್ನು ಮತ್ತೆ ಹೂಡುವ ಶ್ರಮವೂ ಹೆಚ್ಚು. ಪ್ರೊಸೆಸರಿನ ವಿರಾಮಕ್ಕೂ ಇಂತಹುದೇ ಮೆಟ್ಟಿಲುಗಳಿವೆ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಕೂಡಿ 1996ರ ಡಿಸೆಂಬರಿನಲ್ಲಿ ಪ್ರಕಟಿಸಿದ ಎಸಿಪಿಐ ಎಂಬ ನಿಯಮಾವಳಿಯು ಅವುಗಳಿಗೆ ಸಿ-0, ಸಿ-1, ಸಿ-2, ಸಿ-3 ಎಂದು ಹೆಸರಿಟ್ಟಿತು. ಹೆಸರಿಡುವುದರಲ್ಲಿ ಇಂಜಿನಿಯರುಗಳು ಹೆಚ್ಚಿನ ಕಲ್ಪನೆಯನ್ನೇನೂ ತೋರಲಿಲ್ಲ. ಸಿ-0 ಎಂದರೆ ದುಡಿಮೆ. ಅಂಕಿ ಏರಿದಂತೆ ನಿದ್ರೆ ಗಾಢವಾಗುತ್ತದೆ. ಸಿ-1ರಲ್ಲಿ ಗಡಿಯಾರವಷ್ಟೇ ನಿಲ್ಲುತ್ತದೆ. ತಯಾರಕರು ಮುಂದೆ ಇನ್ನೂ ಆಳದ ಸ್ಥಿತಿಗಳನ್ನು ಸೇರಿಸಿದರು. 2008ರಲ್ಲಿ ಬಂದ ನೆಹಲೇಮ್ ಎಂಬ ಪ್ರೊಸೆಸರಿನ ಸಿ-6 ಸ್ಥಿತಿಯಲ್ಲಿ, ಪ್ರೊಸೆಸರಿನ ಒಂದು ಘಟಕವು ತನ್ನ ರಿಜಿಸ್ಟರುಗಳಲ್ಲಿದ್ದುದನ್ನೆಲ್ಲ ಪ್ರತ್ಯೇಕವಾದ ಪುಟ್ಟ ಸ್ಮೃತಿಕೋಶದಲ್ಲಿ ಜೋಪಾನವಾಗಿಟ್ಟು, ಅನಂತರ ತನ್ನ ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ. ಆಗ ಸೋರಿಕೆಯೂ ಬಹುತೇಕ ಇಲ್ಲವಾಗುತ್ತದೆ.

ಎಚ್ಚರಗೊಳ್ಳಲು ಬೇಕಾಗುವ ಕಾಲವನ್ನು ನೋಡಿದರೆ ಈ ಮೆಟ್ಟಿಲುಗಳ ಅಂತರ ಸ್ಪಷ್ಟವಾಗುತ್ತದೆ. 2015ರ ಸ್ಕೈಲೇಕ್ ಪ್ರೊಸೆಸರಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು ಇಟ್ಟುಕೊಂಡಿರುವ ಕೋಷ್ಟಕದ ಪ್ರಕಾರ, ಸಿ-1ರಿಂದ ಏಳಲು 2 ಮೈಕ್ರೋಸೆಕೆಂಡು ಸಾಕು. ಸಿ-6ರಿಂದ ಏಳಲು 85, ಅತ್ಯಂತ ಗಾಢವಾದ ಸಿ-10ರಿಂದ ಏಳಲು 890 ಮೈಕ್ರೋಸೆಕೆಂಡು ಬೇಕು. ಮಲಗುವುದಕ್ಕೂ ಏಳುವುದಕ್ಕೂ ತಗಲುವ ಶಕ್ತಿಯಾದರೂ ದಕ್ಕಬೇಕಾದರೆ ಸಿ-6ರಲ್ಲಿ ಕನಿಷ್ಠ 200, ಸಿ-10ರಲ್ಲಿ ಕನಿಷ್ಠ 5000 ಮೈಕ್ರೋಸೆಕೆಂಡು ಇರಲೇಬೇಕು. ಅದಕ್ಕೆ ಮೊದಲೇ ಎಬ್ಬಿಸಿದರೆ ಉಳಿತಾಯದ ಬದಲು ನಷ್ಟವಾಗುತ್ತದೆ.

ಹಾಗಾದರೆ ಮುಂದಿನ ಕೆಲಸ ಎಷ್ಟು ಹೊತ್ತಿಗೆ ಬರುತ್ತದೆಂದು ಮೊದಲೇ ತಿಳಿದಿರಬೇಕಲ್ಲವೇ? ತಿಳಿಯುವಂತಿಲ್ಲ, ಊಹಿಸಬೇಕು. ವೆಂಕಟೇಶ್ ಪಳ್ಳಿಪಾಡಿ, ಶಾವೋಹುವಾ ಲಿ ಮತ್ತು ಆಡಂ ಬೆಲೆ ಎಂಬ ಮೂವರು 2007ರಲ್ಲಿ ಕೆನಡಾದ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದ ವಿಷಯ ಇದೇ. ಸುಮ್ಮನಿರುವ ಕೆಲಸವನ್ನೂ ದಕ್ಷತೆಯಿಂದ ಮಾಡಬೇಕೆಂಬ ಅರ್ಥ ಬರುವ ತಲೆಬರಹವನ್ನು ಅವರು ಅದಕ್ಕೆ ಕೊಟ್ಟಿದ್ದರು. ಅವರ ಸಿಪಿಯು-ಐಡಲ್ ಎಂಬ ವ್ಯವಸ್ಥೆಯು 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಸೇರಿತು. ಮುಂದಿನ ಟೈಮರ್ ಯಾವಾಗ ಮೊಳಗಲಿದೆ, ಈಚಿನ ಕೆಲವು ನಿದ್ರೆಗಳು ಎಷ್ಟೆಷ್ಟು ಹೊತ್ತಿನವಾಗಿದ್ದವು ಎಂಬುದನ್ನು ಗಮನಿಸಿ, ಯಾವ ಮೆಟ್ಟಿಲಿಗೆ ಇಳಿಯಬೇಕೆಂದು ಪ್ರತಿ ಬಾರಿಯೂ ನಿರ್ಧರಿಸಲಾಗುತ್ತದೆ. ಟೈಮರಿನ ವೇಳೆಯನ್ನು ಮೊದಲೇ ಬಲ್ಲೆವು. ಬೆರಳು ಕೀಲಿಯನ್ನು ಯಾವಾಗ ಒತ್ತೀತೆಂಬುದನ್ನು ಬಲ್ಲವರಿಲ್ಲ.

ಊಹೆ ಎಷ್ಟು ಚೆನ್ನಾಗಿದ್ದರೂ, ಮಲಗಿದವನನ್ನು ನೆರೆಯವರು ಎಬ್ಬಿಸುತ್ತಲೇ ಇದ್ದರೆ ಫಲವೇನು? 2003ರ ಕೊನೆಯಲ್ಲಿ ಬಂದ ಲಿನಕ್ಸ್ 2.6 ಆವೃತ್ತಿಯು ಸಾಮಾನ್ಯ ಗಣಕಗಳಲ್ಲಿ ಕೆಲಸವಿರಲಿ ಇಲ್ಲದಿರಲಿ, ಸೆಕೆಂಡಿಗೆ 1000 ಬಾರಿ ಪ್ರೊಸೆಸರನ್ನು ಎಬ್ಬಿಸಿ ಕಾಲವನ್ನು ಎಣಿಸುತ್ತಿತ್ತು. ಇದರಿಂದ ವಿಚಿತ್ರವಾದ ಉಪದ್ರವವೊಂದು ಹುಟ್ಟಿತು. ಗಾಢ ಸ್ಥಿತಿಗೆ ಇಳಿದಾಗ ತೀರ ಕಡಿಮೆಯಾಗುವ ವಿದ್ಯುತ್ಪ್ರವಾಹವು ಎಚ್ಚರವಾದೊಡನೆ ಜಿಗಿಯುತ್ತದೆ. ಸೆಕೆಂಡಿಗೆ 1000 ಬಾರಿ ಹೀಗಾದಾಗ ಒಳಗಿನ ಸುರುಳಿಗಳೂ ಕೆಪಾಸಿಟರುಗಳೂ ಅದೇ ಲಯದಲ್ಲಿ ಕಂಪಿಸುತ್ತವೆ. ಅದು ಮನುಷ್ಯನ ಕಿವಿಗೆ ಚೆನ್ನಾಗಿ ಕೇಳಿಸುವ ಸ್ವರ. ಕೆಲವು ಲ್ಯಾಪ್‌ಟಾಪುಗಳು ಜೀರುಂಡೆಯಂತೆ ಕೂಗತೊಡಗಿದವು. ಕೂಗನ್ನು ಅಡಗಿಸಲು ಕೆಲವರು ಗಾಢ ಸ್ಥಿತಿಗಳನ್ನೇ ಮುಚ್ಚಿಬಿಟ್ಟರು. ಸದ್ದು ನಿಂತಿತು, ಬ್ಯಾಟರಿ ಬೇಗ ಮುಗಿಯತೊಡಗಿತು.

ಸರಿಯಾದ ಪರಿಹಾರ ಬಂದದ್ದು 2007ರ ಏಪ್ರಿಲಿನ 2.6.21ರಲ್ಲಿ. ಕೆಲಸವಿಲ್ಲದಾಗ ಈ ನಿಯತ ಮಿಡಿತವನ್ನು ನಿಲ್ಲಿಸಿ, ನಿಜವಾಗಿ ಬೇಕಾದ ವೇಳೆಗೆ ಮಾತ್ರ ಎಬ್ಬಿಸುವ ಏರ್ಪಾಡು ಅದರಲ್ಲಿತ್ತು. ಮರುತಿಂಗಳೇ ಇಂಟೆಲ್ ಸಂಸ್ಥೆಯು ಪವರ್‌ಟಾಪ್ ಎಂಬ ಸಾಧನವನ್ನು ಹೊರತಂದಿತು. ಪ್ರೊಸೆಸರನ್ನು ಯಾವ ಕ್ರಮವಿಧಿಯು ಸೆಕೆಂಡಿಗೆ ಎಷ್ಟು ಬಾರಿ ಎಬ್ಬಿಸುತ್ತಿದೆ ಎಂಬುದನ್ನು ಅದು ಹೆಸರು ಹಿಡಿದು ತೋರಿಸಿತು. ಯಾವ ಕಾರಣವೂ ಇಲ್ಲದೆ ಮತ್ತೆ ಮತ್ತೆ ಎದ್ದು ನೋಡುತ್ತಿದ್ದ ಕ್ರಮವಿಧಿಗಳು ಹತ್ತಾರು ಸಿಕ್ಕಿಬಿದ್ದವು. ಬರೆದವರು ಅವುಗಳನ್ನು ತಿದ್ದಿದರು. ಹೆಸರು ಬಯಲಾಗುವುದಕ್ಕಿಂತ ಬೇಗ ಕೆಲಸ ಮಾಡಿಸುವ ಉಪಾಯ ಅಪರೂಪ.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಈ ಸ್ಥಿತಿಗಳು ಸಾಮಾನ್ಯವಾಗಿ ತೆರೆದೇ ಇರುತ್ತವೆ. ಮುಚ್ಚಿರುವುದಾದರೆ ಎರಡು ಕಡೆ ಹುಡುಕಬೇಕು. ಯಂತ್ರವು ಚಾಲನೆಗೊಳ್ಳುವಾಗ ಮೊದಲು ತೋರುವ ಬಯೋಸ್ ವ್ಯವಸ್ಥೆಯಲ್ಲಿ ಹಲವು ಮಾದರಿಗಳಿಗೆ ಸಿ-ಸ್ಥಿತಿಗಳೆಂಬ ಒಂದು ಬಾಬು ಇರುತ್ತದೆ. ಲಿನಕ್ಸ್‌ನಲ್ಲಿಯಾದರೆ, ಪ್ರಾರಂಭದ ಆಜ್ಞಾಸಾಲಿನಲ್ಲಿ ‘ಮ್ಯಾಕ್ಸ್ ಸಿ-ಸ್ಟೇಟ್’ ಎಂಬ ಮಿತಿಯನ್ನು ಯಾರಾದರೂ ಹಿಂದೆಂದೋ ಬರೆದಿಟ್ಟು ಮರೆತಿರಬಹುದು. ಮಿತಿಯನ್ನು ಬರೆಯುವವರಿಗೂ ಕಾರಣಗಳಿರುತ್ತವೆ. ಸಂಗೀತವನ್ನು ಧ್ವನಿಮುದ್ರಿಸುವವರಿಗೆ ಎಚ್ಚರಗೊಳ್ಳುವ ವಿಳಂಬವೂ ತೊಡಕಾಗಬಹುದು. ಕೆಲವು ಯಂತ್ರಗಳು ಗಾಢನಿದ್ರೆಯಿಂದ ಏಳಲಾರದೆ ಸ್ತಬ್ಧವಾಗುವುದೂ ಉಂಟು. ಅಂತಹ ಯಂತ್ರದಲ್ಲಿ ಬ್ಯಾಟರಿಯ ಒಂದೆರಡು ಗಂಟೆಗಳಿಗಿಂತ ಬರೆದ ಕೆಲಸ ಉಳಿಯುವುದು ಮೇಲು. ಕಾರಣ ಗೊತ್ತಿಲ್ಲದ ಮಿತಿಯನ್ನು ಮಾತ್ರ ತೆಗೆದು ನೋಡುವುದೇ ಲೇಸು.

ತೆಗೆದ ಮೇಲೂ ಅತ್ಯಂತ ಗಾಢ ಸ್ಥಿತಿಯು ಕೈಗೆಟುಕದಿದ್ದರೆ ತಪ್ಪು ಪ್ರೊಸೆಸರಿನದಲ್ಲದಿರಬಹುದು. ಮನೆಮಂದಿಯೆಲ್ಲ ಮಲಗಿದ ಮೇಲೆ ಮಾತ್ರ ನಡುಮನೆಯ ದೀಪವನ್ನು ಆರಿಸುವಂತೆ, ಪ್ರೊಸೆಸರಿನ ಎಲ್ಲ ಘಟಕಗಳೂ ಮಲಗಿದ ಮೇಲಷ್ಟೇ ಅವೆಲ್ಲಕ್ಕೂ ಸಮಾನವಾದ ಭಾಗಗಳು ವಿರಮಿಸಬಲ್ಲವು. ಡಿಸ್ಕಿನ ಸಂಪರ್ಕವೊಂದು ಮಿತವ್ಯಯದ ಸ್ಥಿತಿಗೆ ಹೋಗದೆ ಎಚ್ಚರವಾಗಿದ್ದರೂ ಸಾಕು, ಆ ದೀಪ ಉರಿಯುತ್ತಲೇ ಇರುತ್ತದೆ. ಇದನ್ನು ಪತ್ತೆಹಚ್ಚಲು ಪವರ್‌ಟಾಪನ್ನು ತೆರೆದು, ಬೇರೆಲ್ಲ ಕೆಲಸಗಳನ್ನು ಮುಚ್ಚಿ, ಒಂದು ನಿಮಿಷ ಯಂತ್ರವನ್ನು ಮುಟ್ಟದೆ ಕುಳಿತಿರಬೇಕು. ಒಂದೊಂದು ಸ್ಥಿತಿಯಲ್ಲಿ ಕಾಲದ ಶೇಕಡಾ ಎಷ್ಟು ಭಾಗ ಕಳೆಯಿತೆಂಬುದು ಸಾಲುಸಾಲಾಗಿ ಕಾಣುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲಿ ಗಾಢ ಸ್ಥಿತಿಗಳ ಸಾಲು ತೊಂಬತ್ತರ ಆಚೆಗೂ ಏರುವುದುಂಟು. ಬಾಣದ ಗುರುತನ್ನು ತೆರೆಯ ಮೇಲೆ ಸುಮ್ಮನೆ ಆಚೀಚೆ ಆಡಿಸಿದರೂ ಆ ಅಂಕಿ ಸರ್ರನೆ ಕೆಳಗಿಳಿಯುತ್ತದೆ.